ಹದಿನಾಲ್ಕನೇ ವಾಲ್ಯೂಮ್

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದವರು ನನಗೆ ಇಟ್ಟಿದ್ದ ಹೆಸರು ಟಕಟಕ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮೊದಮೊದಲು ಮುಖ ಊದಿಸಿಕೊಂಡಿದ್ದೆ. ಆಮೇಲೆ ಫೋನ್ ಎತ್ತಿ ನಾನೇ "ಟಕಟಕ ಮಾತಾಡ್ತಿರೋದು, ಹೇಳಿ" ಅನ್ನುವಷ್ಟು ಒಗ್ಗಿಹೋಯಿತು. ಅವರ ಕಂಪ್ಯೂಟರುಗಳಲ್ಲಿ ಬಣ್ಣ, ಚಿತ್ರ, ಒತ್ತುವುದಕ್ಕೆ ಗುಂಡಿ ಎಲ್ಲ ಇದ್ದವು. ನಮ್ಮ ಕೋಣೆಯಲ್ಲಿದ್ದದ್ದು ಬರೀ ಕಪ್ಪು ಪರದೆ, ಬಿಳಿ ಅಕ್ಷರ. ಏನಾಗಬೇಕೋ ಅದನ್ನು ಒಂದು ಸಾಲಿನಲ್ಲಿ ಟಕಟಕ ಟೈಪ್ ಮಾಡಿ ಎಂಟರ್ ಒತ್ತಬೇಕು. ಒತ್ತಿದರೆ ಮುಗಿಯಿತು, ಹೇಳಿದ್ದನ್ನು ಅದು ಮಾಡಿಬಿಡುತ್ತದೆ.

ಆ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಗೋಡೆಯ ಆ ಕಡೆ ದೊಡ್ಡ ಯಂತ್ರಗಳು ವಾರ್ಡಿನ ಬೆಡ್‌ಶೀಟುಗಳನ್ನು ತಿರುವುವಾಗ ನಮ್ಮ ಮೇಜು ಸಣ್ಣಗೆ ನಡುಗುತ್ತಿತ್ತು. ಗಾಜಿನ ಬಾಗಿಲಿನ ಆಚೆ, ಮೈ ಕೊರೆಯುವ ಎ.ಸಿ. ಚಳಿಯಲ್ಲಿ, ಆಳೆತ್ತರದ ಎರಡು ಕಪಾಟುಗಳು. ಹಳೆಯದರಲ್ಲಿ ತೊಂಬತ್ತಾರು ಡಿಸ್ಕುಗಳು. ಪ್ರತಿಯೊಂದಕ್ಕೂ ಒಂದು ಹಸಿರು ದೀಪ. ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಬಂದು ಸೇರುತ್ತಿದ್ದದ್ದು ಅಲ್ಲಿಗೆ. ಆಗಾಗ ಒಂದು ಡಿಸ್ಕ್ ಕೆಡುತ್ತಿತ್ತು, ಅದಕ್ಕೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಹೋದರೆ ಉಳಿದವು ಸೇರಿ ಅದರಲ್ಲಿದ್ದದ್ದನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ನಾವು ಕೆಟ್ಟದ್ದನ್ನು ಎಳೆದು ಹೊಸದನ್ನು ತುರುಕಿ ಬಂದರಾಯಿತು. ಯಂತ್ರದ ತಪ್ಪನ್ನು ತಡೆದುಕೊಳ್ಳುವ ಹಾಗೆ ಅದನ್ನು ಮಾಡಿದ್ದರು. ಮುಂದೆ ಕೂತವರೇ ಅಳಿಸು ಎಂದು ಬರೆದರೆ ಮಾತ್ರ ತೊಂಬತ್ತಾರೂ ಒಟ್ಟಾಗಿ, ಅಷ್ಟೇ ನಿಷ್ಠೆಯಿಂದ, ಅಳಿಸುತ್ತಿದ್ದವು.

ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ, ನಾನು ಮತ್ತು ನನ್ನ ಭಾವ.

ಭಾವ ಅಂದರೆ ಅಕ್ಕನ ಗಂಡ. ಅಮ್ಮ ತೀರಿಕೊಂಡಾಗ ನಾನು ಹನ್ನೆರಡರವಳು. ಒಂದು ಬ್ಯಾಗು ಹಿಡಿದು ಅಕ್ಕನ ಮನೆಗೆ ಬಂದೆ. ಅವರ ಮದುವೆಯಾಗಿ ಎಂಟು ತಿಂಗಳಾಗಿತ್ತಷ್ಟೆ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಭಾವ ಅಡುಗೆಮನೆಯ ಮೂಲೆಗೆ ಪರದೆ ಕಟ್ಟಿ, ಅದರ ಹಿಂದೆ ಒಂದು ಸಣ್ಣ ಮೇಜು ಹಾಕಿ, "ಇದು ನಿನ್ನ ಆಫೀಸು ಪುಟ್ಟಿ. ನಾವು ಒಳಗೆ ಬರ್ಬೇಕಂದ್ರೆ ನಿನ್ನ ಕೇಳ್ಕೊಂಡೇ ಬರ್ತೀವಿ" ಅಂದರು. ಅವರಿಗೆ ಮಕ್ಕಳಾಗಲಿಲ್ಲ. ನಾನು ಓದಿದ್ದು, ಕೆಲಸ ಹಿಡಿದದ್ದು, ಮದುವೆ ಬೇಡ ಎಂದು ಹಟ ಮಾಡಿದಾಗ ಅಕ್ಕನ ಬಾಯಿಂದ ಪಾರಾದದ್ದು, ಎಲ್ಲ ಅವರ ಬೆಂಬಲದಿಂದ.

ಅವರು ಆಸ್ಪತ್ರೆಗೆ ಸೇರಿದ್ದು ಎಕ್ಸ್‌ರೇ ಫಿಲಂಗಳನ್ನು ಕಂದು ಕವರಿನಲ್ಲಿ ಹಾಕಿ ಅಟ್ಟಣಿಗೆಯಲ್ಲಿ ಜೋಡಿಸುವ ಕೆಲಸಕ್ಕೆ. ಫಿಲಂ ಹೋಗಿ ಕಂಪ್ಯೂಟರ್ ಬಂದಾಗ ತಾವೇ ಕೂತು ಕಲಿತರು. ನಾನು ಅವರ ಕೈಕೆಳಗೆ ಸೇರಿದ ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಪಾಠ. "ಎಂಟರ್ ಒತ್ತೋ ಮುಂಚೆ ಎರಡೂ ಕೈ ಮಡಿಲಲ್ಲಿ ಇಟ್ಕೋ. ಬರೆದಿದ್ದನ್ನ ಬಾಯಿಬಿಟ್ಟು ಓದು. ನಿನ್ನ ಕಿವಿಗೇ ಸರಿ ಅನ್ನಿಸಿದ್ರೆ ಮಾತ್ರ ಒತ್ತು." ಹದಿನೇಳು ವರ್ಷ ನಾವಿಬ್ಬರೂ ಹಾಗೇ ಕೆಲಸ ಮಾಡಿದೆವು. ಹೊರಗಿನವರು ಬಂದು ನೋಡಿದರೆ ಇಬ್ಬರು ಹುಚ್ಚರು ಗೋಡೆಗೆ ಪಾಠ ಒಪ್ಪಿಸುತ್ತಿದ್ದಾರೆ ಅನ್ನಿಸಬೇಕು.

ಆ ವರ್ಷ ಹಳೆಯ ಕಪಾಟಿನಲ್ಲಿದ್ದದ್ದನ್ನೆಲ್ಲ ಹೊಸ ಕಪಾಟಿಗೆ ಸಾಗಿಸುವ ಕೆಲಸ ಶುರುವಾಗಿತ್ತು. ಕಪಾಟನ್ನು ಇಪ್ಪತ್ತು ಭಾಗ ಮಾಡಿದ್ದೆವು, ಭಾಗಕ್ಕೆ ವಾಲ್ಯೂಮ್ ಅನ್ನುತ್ತಾರೆ, ಒಂದೊಂದಕ್ಕೂ ಒಂದು ಸಂಖ್ಯೆ. ಒಂದು ವಾಲ್ಯೂಮನ್ನು ಪೂರ್ತಿ ನಕಲು ಮಾಡುವುದು, ಸರಿಯಾಗಿ ಬಂದಿದೆಯೇ ಎಂದು ಹೋಲಿಸಿ ನೋಡುವುದು, ಆಮೇಲೆ ಹಳೆಯದನ್ನು ಅಳಿಸುವುದು. ಹೀಗೆ ಒಂದಾದ ಮೇಲೊಂದು. ಭಾವನ ನಿವೃತ್ತಿಗೆ ಏಳೆಂಟು ತಿಂಗಳಿತ್ತು. "ಮನೆ ಖಾಲಿ ಮಾಡೋ ಮುಂಚೆ ಸಾಮಾನೆಲ್ಲ ಸಾಗಿಸಿ ಹೋಗ್ತೀನಿ" ಎಂದು ನಗುತ್ತಿದ್ದರು.

ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ ಅಂತಲ್ಲ, ಕಂಡದ್ದಕ್ಕೆಲ್ಲ ಒಂದೊಂದು ಸಮಾಧಾನ ಹೇಳಿಕೊಂಡೆ. ಭಾವ ಲಿಫ್ಟಿನ ಮುಂದೆ ಗುಂಡಿ ಒತ್ತದೆ ನಿಂತೇ ಇರುತ್ತಿದ್ದರು. ಏನೋ ಯೋಚನೆ ಅಂದುಕೊಂಡೆ. ವರ್ಷಾನುಗಟ್ಟಲೆ ಬೆರಳ ತುದಿಯಲ್ಲಿದ್ದ ಕಮಾಂಡುಗಳನ್ನು ಚೀಟಿಯಲ್ಲಿ ಬರೆದುಕೊಂಡು, ನೋಡಿಕೊಂಡು ಟೈಪ್ ಮಾಡತೊಡಗಿದರು. ವಯಸ್ಸಾಯಿತು, ಜಾಗ್ರತೆ ಹೆಚ್ಚಾಯಿತು ಅಂದುಕೊಂಡೆ. ಒಂದು ಬೆಳಿಗ್ಗೆ ಟೀ ಕುಡಿಯುತ್ತಾ, "ಅಕ್ಕ ಹೇಗಿದ್ದಾಳೆ ಪುಟ್ಟಿ? ನೋಡಿ ತುಂಬ ದಿನ ಆಯ್ತು" ಅಂದರು. ಅವರು ಅಕ್ಕನ ಕೈಯಿಂದ ಡಬ್ಬಿ ಇಸಿದುಕೊಂಡು ಬಂದು ಒಂದು ಗಂಟೆಯೂ ಆಗಿರಲಿಲ್ಲ. ಬೆಳಿಗ್ಗೆ ಇಬ್ಬರೂ ಜಗಳ ಆಡಿದ್ದಾರೆ, ಅದರ ಕೊಂಕು ಇದು ಎಂದು ನಾನು ಜೋರಾಗಿ ನಕ್ಕೆ. ಅವರೂ ನಕ್ಕರು.

ಅದು ನಡೆದದ್ದು ಒಂದು ಮಂಗಳವಾರ. ಪಕ್ಕದ ಕಟ್ಟಡದಲ್ಲಿ ನಮ್ಮದೇ ಇನ್ನೊಂದು ಕಪಾಟಿತ್ತು. ಇಲ್ಲಿಯ ಹಳೆಯ ಕಪಾಟಿನಲ್ಲಿ ಏನು ಬದಲಾದರೂ ತಕ್ಷಣ ಅಲ್ಲಿಯೂ ಬದಲಾಗುವ ಹಾಗೆ ಜೋಡಿಸಿದ್ದೆವು, ಇಲ್ಲಿ ಬೆಂಕಿ ಬಿದ್ದರೆ ಅಲ್ಲಾದರೂ ಉಳಿಯಲಿ ಎಂದು. ಅಲ್ಲಿ ಒಂದು ಡಿಸ್ಕಿನ ದೀಪ ಕೆಂಪಾಗಿತ್ತು. ಅದನ್ನು ಬದಲಿಸಿ ಬರಲು ಒಂಬತ್ತೂವರೆಗೆ ಹೋದೆ. ತಿರುಗಿ ಬಂದಾಗ ಹತ್ತು ದಾಟಿತ್ತು. ಭಾವ ಪರದೆ ನೋಡುತ್ತಾ ಕೂತಿದ್ದರು. "ಆಯ್ತಾ?" ಅಂದರು. "ಆಯ್ತು" ಅಂದೆ.

ಹನ್ನೊಂದಕ್ಕೆ ಸ್ಕ್ಯಾನಿಂಗ್ ವಿಭಾಗದ ಡಾಕ್ಟರಮ್ಮನ ಫೋನು. "ಎದೆಯ ಹಳೇ ಸ್ಕ್ಯಾನ್ ಒಂದೂ ತೆರೀತಿಲ್ಲ ಕಣ್ರೀ. ನಿಮ್ಮ ಕಡೆ ಏನಾದ್ರೂ ಕೆಲಸ ನಡೀತಿದ್ಯಾ?"

ನಾನು ವಾಲ್ಯೂಮುಗಳ ಪಟ್ಟಿ ತೋರಿಸು ಎಂದು ಬರೆದೆ. ಹನ್ನೆರಡು, ಹದಿಮೂರು, ಹದಿನೈದು. ಮತ್ತೆ ಬರೆದೆ. ಹದಿಮೂರಾದ ಮೇಲೆ ಹದಿನೈದೇ ಬಂತು. ನಕಲು ಮುಗಿದು ಆವತ್ತು ಅಳಿಸಬೇಕಿದ್ದ ನಾಲ್ಕನೆಯದು ತನ್ನ ಜಾಗದಲ್ಲಿ ಹಾಗೇ ಕೂತಿತ್ತು. ಹದಿನಾಲ್ಕನ್ನು ನಾವಿನ್ನೂ ನಕಲು ಮಾಡಿರಲಿಲ್ಲ.

ಪಕ್ಕದ ಕಟ್ಟಡದ ಕಪಾಟಿಗೆ ಲಾಗಿನ್ ಆದೆ. ಇಲ್ಲಿ ಹೋದದ್ದು ಅಲ್ಲಿಯೂ ಹೋಗಿತ್ತು. ನಾವು ಹೇಳಿದ್ದೇ ಹಾಗಲ್ಲವೇ. ಇನ್ನು ಉಳಿದದ್ದು ಸ್ನ್ಯಾಪ್‌ಶಾಟ್, ಅಂದರೆ ವಾರಕ್ಕೊಮ್ಮೆ ವಾಲ್ಯೂಮು ಇದ್ದ ಸ್ಥಿತಿಯನ್ನು ಹಿಡಿದಿಡುವ ಪ್ರತಿ. ಅದೂ ಇರಲಿಲ್ಲ. ನಕಲಿಗೆ ಜಾಗ ಸಾಲುತ್ತಿಲ್ಲ ಎಂದು ಎರಡು ವಾರದ ಹಿಂದೆ ಅವನ್ನೆಲ್ಲ ತೆಗೆದುಹಾಕಿದ್ದವಳು ನಾನೇ. ಭಾವನನ್ನು ಕೇಳಿದ್ದೆ, "ಹೂಂ, ತೆಗಿ" ಅಂದಿದ್ದರು. ಕೇಳಿದ್ದು ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ನನಗೆ ಮೊದಲ ಸಲ ಅನ್ನಿಸಿತು.

ಯಾರು ಯಾವಾಗ ಏನು ಟೈಪ್ ಮಾಡಿದರು ಎಂಬುದನ್ನು ಕಪಾಟು ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆ ತೆರೆದೆ. ಒಂಬತ್ತು ನಲವತ್ತೆರಡಕ್ಕೆ ಭಾವನ ಹೆಸರಿನಲ್ಲಿ ಹದಿನಾಲ್ಕನೇ ವಾಲ್ಯೂಮಿನ ಸಂಪರ್ಕ ಕಡಿದಿತ್ತು. ಮುಂದಿನ ನಿಮಿಷ, ಹದಿನಾಲ್ಕನ್ನು ಅಳಿಸು. ನಿಜವಾಗಿಯೂ ಅಳಿಸಲೇ ಎಂದು ಅದು ಕೇಳಿತ್ತು. ಹೌದು ಎಂಬ ಉತ್ತರ ಹೋಗಿತ್ತು. ಬೆರಳು ತಪ್ಪಿ ಒಂದು ಸಲ ನಾಲ್ಕರ ಹಿಂದೆ ಒಂದು ಎಂಬ ಅಂಕಿ ಬೀಳಬಹುದು, ಎರಡೆರಡು ಸಲ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ಮತ್ತೆ ಮತ್ತೆ ಓದಿದ್ದು ಅದರ ಕೆಳಗಿನ ಸಾಲುಗಳನ್ನು. ಒಂಬತ್ತು ನಲವತ್ತನಾಲ್ಕಕ್ಕೆ, ಪಟ್ಟಿ ತೋರಿಸು. ನಲವತ್ತೈದಕ್ಕೆ, ಪಟ್ಟಿ ತೋರಿಸು. ನಾನು ಬಾಗಿಲು ತೆರೆದು ಒಳಗೆ ಬರುವವರೆಗೆ ಹನ್ನೊಂದು ಸಲ ಅದೇ ಸಾಲು.

"ಭಾವ, ಹದಿನಾಲ್ಕು ಇಲ್ಲ."

ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು, ಕನ್ನಡಕ ಏರಿಸಿ, ಪರದೆಯನ್ನು ಮೇಲಿಂದ ಕೆಳಗೆ ಓದಿದರು. ತಮ್ಮ ಹೆಸರಿನ ಸಾಲನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಏನ್ ಮಾಡ್ಬಿಟ್ಟೆ ಪುಟ್ಟಿ?" ಅಂದರು.

ಮಧ್ಯಾಹ್ನ ಮೂರಕ್ಕೆ ಆಡಳಿತಾಧಿಕಾರಿಯ ಕೋಣೆಗೆ ಕರೆ ಬಂತು. ಡಾಕ್ಟರಮ್ಮ ಅದಾಗಲೇ ಬಂದು ಕೂತಿದ್ದರು. ನಾಲ್ಕು ವರ್ಷಗಳ ಎದೆಯ ಸ್ಕ್ಯಾನುಗಳು, ಇಪ್ಪತ್ತಾರು ಸಾವಿರ ಜನರವು. ಕಪಾಟು ತಯಾರಿಸಿದ ಕಂಪನಿಯವರ ಜೊತೆ ಎರಡು ಗಂಟೆ ಫೋನಿನಲ್ಲಿ ಒದ್ದಾಡಿದ್ದೆ. ತಿರುಗಿ ಬರುವುದಿಲ್ಲ ಎಂದು ಅವರು ಕೈಚೆಲ್ಲಿದ್ದರು.

"ದಾಖಲೆಯಲ್ಲಿ ನಿಮ್ಮ ಹೆಸರಿದೆ" ಎಂದು ಆಡಳಿತಾಧಿಕಾರಿ ಭಾವನಿಗೆ ಹೇಳಿದರು.

"ಹೌದು ಸರ್, ನನ್ನ ಲಾಗಿನ್ನೇ. ಆದರೆ ನಾನು ಮಾಡಿಲ್ಲ." ಭಾವ ಮಾತನ್ನು ಅಳೆದು ತೂಗಿ ಆಡಿದರು. "ನನ್ನ ಪಾಸ್‌ವರ್ಡ್ ಇವಳಿಗೂ ಗೊತ್ತು. ನಾನೇ ಕೊಟ್ಟಿದ್ದು, ಆ ತಪ್ಪು ನಂದು. ಇವಳು ಬೇಕಂತ ಮಾಡೋಳಲ್ಲ ಸರ್. ಹುಡುಗಿಗೆ ಸ್ವಲ್ಪ ಆತುರ ಜಾಸ್ತಿ. ಹೊಟ್ಟೆಗೆ ಹಾಕ್ಕೊಳ್ಳಿ."

ಆ ಹುಡುಗಿಗೆ ನಲವತ್ತೊಂದು ವರ್ಷ. ಭಾವನ ಕೈ ನನ್ನ ಕುರ್ಚಿಯ ಹಿಂದಕ್ಕೆ ಬಂದು ನಿಂತಿತ್ತು, ಶಾಲೆಯಲ್ಲಿ ಹೆಡ್‌ಮೇಷ್ಟ್ರ ಮುಂದೆ ನನ್ನ ಪರವಾಗಿ ಮಾತಾಡಲು ಬಂದಾಗ ನಿಲ್ಲುತ್ತಿದ್ದ ಹಾಗೇ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಾನು ಮಾಡಿದ ತಪ್ಪಿನಿಂದ ನನ್ನನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದರು.

"ನೀವೇನು ಹೇಳ್ತೀರಾ?" ಎಂದು ಆಡಳಿತಾಧಿಕಾರಿ ನನ್ನನ್ನು ಕೇಳಿದರು.

ಪಕ್ಕದ ಕಟ್ಟಡದ ಬಾಗಿಲಿನಲ್ಲಿ ನನ್ನ ಕಾರ್ಡು ಉಜ್ಜಿದ ಸಮಯ ದಾಖಲಾಗಿತ್ತು. ಅದೊಂದು ಮಾತು ಹೇಳಿದ್ದರೆ ಸಾಕಿತ್ತು. ನಾನು "ಸ್ನ್ಯಾಪ್‌ಶಾಟ್ ತೆಗೆದುಹಾಕಿದ್ದು ನಾನೇ ಸರ್" ಎಂದೆ. ಅದು ನಿಜವೇ. ಅವರು ಉಳಿದದ್ದನ್ನು ತಾವೇ ತುಂಬಿಕೊಂಡರು.

ಆವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಒಳಗೆ ರೇಡಿಯೋ ಹಾಕಿಕೊಂಡು ಮಲಗಿದ್ದರು. ಅಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಹೇಳುತ್ತಾ ಹೋದ ಹಾಗೆ ಅವಳ ಕೈ ನಿಧಾನವಾಯಿತು, ನಿಲ್ಲಲಿಲ್ಲ.

"ಒಂದು ವರ್ಷ ಆಯ್ತು" ಎಂದಳು. "ಮೊದಲು ದಾರಿ ತಪ್ಪಿದ್ರು. ಬಸ್ ಇಳಿದು ಬೇರೆ ಬೀದಿಗೆ ಹೋಗಿ, ಯಾರದ್ದೋ ಮನೆ ಬಾಗಿಲು ಬಡಿದಿದ್ರು. ಈಗ ಜೇಬಲ್ಲಿ ವಿಳಾಸ ಬರೆದು ಇಡ್ತೀನಿ."

"ನನಗೆ ಯಾಕೆ ಹೇಳಲಿಲ್ಲ ಅಕ್ಕ?"

"ಹೇಳಿದ್ರೆ ನೀನು ಅವರನ್ನ ನೋಡೋ ರೀತಿ ಬದಲಾಗ್ತಿತ್ತು. ನಾನೊಬ್ಬಳು ಹಾಗೆ ನೋಡ್ತಿರೋದೇ ಸಾಕಾಗಿತ್ತು." ಕಾಯಿಯ ತೊಟ್ಟನ್ನು ಚಿವುಟಿ ಪಕ್ಕಕ್ಕೆ ಎಸೆದಳು. "ನೀನು ಪಕ್ಕದಲ್ಲೇ ಇರ್ತೀಯಲ್ಲ, ಏನೂ ಆಗೋದಿಲ್ಲ ಅಂತ ಧೈರ್ಯವಾಗಿದ್ದೆ."

"ಈಗ ಆಯ್ತಲ್ಲ."

"ಏಳು ತಿಂಗಳು. ಏಳೇ ತಿಂಗಳು ಕಣೇ. ಮೂವತ್ತೊಂದು ವರ್ಷ ದುಡಿದಿದ್ದಾರೆ, ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿಕೊಂಡು ಹೊರಗೆ ಬರಲಿ. ತಲೆ ಕೆಟ್ಟಿದೆ ಅಂತ ಅನ್ನಿಸಿಕೊಂಡು ಬರೋದು ಬೇಡ. ನಿನಗೆ ಇನ್ನೂ ವಯಸ್ಸಿದೆ, ನೀನು ತಡ್ಕೋತೀಯ."

ನಾನು ಹೂಂ ಎಂದೆ. ಅಕ್ಕನ ಮಾತಿಗೆ ಕಟ್ಟುಬಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅವಳು ಕೇಳುವ ಮೊದಲೇ ನಾನು ಸುಮ್ಮನಿರಲು ನಿರ್ಧರಿಸಿ ಆಗಿತ್ತು.

ಸುಮ್ಮನಿದ್ದದ್ದರ ಫಲ ಎರಡು ದಿನದಲ್ಲಿ ಕಾಣಿಸಿತು. ನನ್ನ ಲಾಗಿನ್ ಕಿತ್ತುಕೊಂಡು, ನನ್ನನ್ನು ನೆಲಮಾಳಿಗೆಯಿಂದ ಮೇಲಿನ ದಾಖಲೆ ಕೌಂಟರಿಗೆ ಹಾಕಿದರು. ಹಳೆಯ ಸ್ಕ್ಯಾನ್ ಕೇಳಿಕೊಂಡು ಬರುವ ರೋಗಿಗಳಿಗೆ ಅದು ಕಳೆದುಹೋಗಿದೆ ಎಂದು ಹೇಳುವ ಕೆಲಸ. ಕೆಳಗೆ ಸಾಗಾಟ ಮುಗಿಸುವ ಹೊಣೆ ಭಾವನೊಬ್ಬರ ಮೇಲೆ ಬಿತ್ತು. ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಕೆಳಗೆ ಓಡಿ, "ಇವತ್ತು ಯಾವುದು ಭಾವ?" ಎಂದು ಕೇಳಿ, ಅವರ ಚೀಟಿ ನೋಡಿ ಬರುತ್ತಿದ್ದೆ. ಅಷ್ಟು ಮಾಡಿದರೆ ಸಾಕು ಎಂದು ನಂಬಿಕೊಂಡಿದ್ದೆ.

ಎರಡನೇ ವಾರ ಕೌಂಟರಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಕುತ್ತಿಗೆಯಲ್ಲಿ ಅಳತೆಯ ಟೇಪು. ಟೈಲರ್ ಅಂತೆ, ಟೇಪು ತೆಗೆಯುವುದು ಮರೆತು ಹಾಗೇ ಬಂದಿದ್ದಳು. ಮೂರು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಪಕ್ಕೆಲುಬು ಮುರಿದಾಗ ಇಲ್ಲೇ ಎದೆಯ ಸ್ಕ್ಯಾನ್ ಮಾಡಿಸಿದ್ದಳು.

"ಈಗ ಕೆಮ್ಮು ಅಂತ ಬಂದ್ರೆ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಇದೆ ಅಂತಾರೆ. ಹಳೇದು ತಗೊಂಡು ಬನ್ನಿ, ಹೋಲಿಸಿ ನೋಡ್ಬೇಕು ಅಂದ್ರು" ಎಂದಳು.

ನಾನು ಹೆಸರು ಹಾಕಿ ನೋಡುವ ಶಾಸ್ತ್ರ ಮಾಡಿದೆ. ಆಗ ಬರೆದ ವರದಿ ಬೇರೆ ಕಡೆ ಇತ್ತು, ಸಿಕ್ಕಿತು. ಅದರಲ್ಲಿ ಎಲುಬಿನ ಮಾತು ಬಿಟ್ಟರೆ ಇನ್ನೇನೂ ಇರಲಿಲ್ಲ. ಚಿತ್ರ ಇದ್ದದ್ದು ಹದಿನಾಲ್ಕರಲ್ಲಿ.

"ಅಮ್ಮಾ, ಆ ಚಿತ್ರ ಅಳಿಸಿಹೋಗಿದೆ."

"ಅಳಿಸಿಹೋಗೋದಾ? ಅದೇನು ಸ್ಲೇಟಾ?" ಅವಳು ನಗಲು ನೋಡಿದಳು.

ನಾನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಸ ಚಿತ್ರವನ್ನು ನನಗೂ ತೋರಿಸಿದರು. ಕಪ್ಪಿನೊಳಗೆ ಕಡಲೆಬೇಳೆಯಷ್ಟು ಬಿಳಿ.

"ಮೂರು ವರ್ಷದ ಹಿಂದೆಯೂ ಇಷ್ಟೇ ಇತ್ತು ಅಂತ ಗೊತ್ತಾಗಿದ್ರೆ ಇವರನ್ನ ಮನೆಗೆ ಕಳಿಸ್ತಿದ್ದೆ. ಆಗ ಇರಲಿಲ್ಲ ಅಂದ್ರೆ ಒಂದು ದಿನವೂ ತಡ ಮಾಡೋ ಹಾಗಿಲ್ಲ. ಸೂಜಿ ಹಾಕಿ ನೋಡೋಕೂ ಆಗದ ಜಾಗ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ದಿನದ ಮೇಲೆ ಆಕೆಯ ಎದೆ ತೆರೆದು ಶ್ವಾಸಕೋಶದ ಒಂದು ಭಾಗ ತೆಗೆದರು. ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಶುಕ್ರವಾರ ಬಂತು. ಚಿಕ್ಕಂದಿನಲ್ಲಿ ಯಾವಾಗಲೋ ಬಂದು ಹೋದ ಸೋಂಕಿನ ಗಾಯದ ಕಲೆ, ಅಷ್ಟೆ. ಕ್ಯಾನ್ಸರ್ ಅಲ್ಲ ಎಂದು ಅವಳ ಮಗಳು ವರಾಂಡದಲ್ಲಿ ಖುಷಿಯಿಂದ ಅಳುತ್ತಿದ್ದಳು, ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಬಾಗಿಲಿನಿಂದ ಒಳಗೆ ಇಣುಕಿದೆ. ಟೈಲರಮ್ಮ ದಿಂಬಿಗೆ ಒರಗಿ, ಒಂದು ಕೈ ಪಕ್ಕೆಗೆ ಒತ್ತಿಕೊಂಡು, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ಸುಮ್ಮನೆ ಮನೆಗೆ ಹೋಗಿ ಮಷಿನ್ ತುಳಿಯಬೇಕಿದ್ದವಳು.

ಅಲ್ಲಿಂದ ನೇರವಾಗಿ ನೆಲಮಾಳಿಗೆಗೆ ಇಳಿದೆ. ಯಾಕೆ ಇಳಿದೆ ಎಂದು ಈಗಲೂ ಹೇಳಲಾರೆ. ಬಹುಶಃ ಭಾವನ ಮುಂದೆ ಕೂತು ಅಳಬೇಕು ಅಂತಲೇ ಇದ್ದೀತು. ಸಣ್ಣವಳಿದ್ದಾಗಿನಿಂದ ನನ್ನ ಅಳುವೆಲ್ಲ ಅವರ ಮುಂದೆಯೇ.

ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ಪರದೆಯ ಮುಂದೆ ಕೂತಿದ್ದರು. ಎರಡೂ ಕೈ ಮಡಿಲಲ್ಲಿ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. "ವಾಲ್ಯೂಮ್ ಹದಿನೆಂಟು, ಅಳಿಸು. ವಾಲ್ಯೂಮ್ ಹದಿನೆಂಟು, ಅಳಿಸು." ಸ್ಪಷ್ಟವಾದ, ಹಳೆಯ ದಿನಗಳದ್ದೇ ದನಿ. ಹದಿನೆಂಟರ ನಕಲು ಶುರುವೇ ಆಗಿರಲಿಲ್ಲ. ಮೇಜಿನ ಮೇಲಿದ್ದ ಚೀಟಿಯಲ್ಲಿ ಎಂಟು ಎಂದಿತ್ತು, ಅವರದೇ ದುಂಡಗಿನ ಅಕ್ಷರದಲ್ಲಿ. ಓದಿ ಮುಗಿಸಿ ಬಲಗೈ ಎತ್ತಿ ಎಂಟರಿನ ಕಡೆಗೆ ಚಾಚಿದರು.

ನಾನು ಹೋಗಿ ಆ ಮುಂಗೈಯನ್ನು ಹಿಡಿದುಕೊಂಡೆ.

ಭಾವ ತಲೆ ಎತ್ತಿದರು. ಬೆದರಲಿಲ್ಲ, ಕೈ ಕೊಸರಲೂ ಇಲ್ಲ. ಕೌಂಟರಿನಲ್ಲಿ ಅಪರಿಚಿತರನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ, "ನಿಮಗೆ ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದರು.

ನಾನು ಆ ಸಾಲನ್ನು ಒಂದೊಂದೇ ಅಕ್ಷರ ಅಳಿಸಿದೆ. ಅಷ್ಟು ಹೊತ್ತಿಗೆ ಅವರಿಗೆ ನನ್ನ ಗುರುತು ಬಂದಿತ್ತು. "ಯಾಕೆ ಪುಟ್ಟಿ, ಮುಖ ಹೀಗಾಗಿದೆ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದರು.

"ಏನಿಲ್ಲ ಭಾವ. ಬನ್ನಿ, ಟೀ ಕುಡಿದು ಬರೋಣ."

ಅವರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಟೀ ತಂದು ಮುಂದಿಟ್ಟು, ಮೂರನೇ ಮಹಡಿಗೆ ಹೋಗಿ ಆಡಳಿತಾಧಿಕಾರಿಗೆ ಎಲ್ಲ ಹೇಳಿದೆ. ಬಾಗಿಲಿನ ಕಾರ್ಡಿನ ಸಮಯ, ಹನ್ನೊಂದು ಸಲದ ಪಟ್ಟಿ, ಲಿಫ್ಟು, ಚೀಟಿಗಳು, ಹದಿನೆಂಟು. ಅಕ್ಕನ ಮಾತೊಂದನ್ನು ಬಿಟ್ಟೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

"ಮೂರು ವಾರ ಯಾಕೆ ಸುಮ್ಮನಿದ್ರಿ?"

ಆ ಮೂರು ವಾರದಲ್ಲಿ ಟೈಲರಮ್ಮನ ಎದೆ ತೆರೆದಿದ್ದರು. ನಾನು ಬಾಯಿ ಬಿಟ್ಟಿದ್ದರೂ ಅವಳ ಚಿತ್ರ ತಿರುಗಿ ಬರುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಆ ಪ್ರಶ್ನೆ ಬಂದಾಗ ಕಣ್ಣ ಮುಂದೆ ಬಂದದ್ದು ಅವಳೇ.

"ಅವರ ಲಾಗಿನ್ ಈಗಲೇ ನಿಲ್ಲಿಸ್ಬೇಕು" ಎಂದರು. "ಆ ಕಪಾಟು ಗೊತ್ತಿರೋದು ನಿಮ್ಮಿಬ್ಬರಿಗೆ ಮಾತ್ರ. ನಿಮ್ಮದನ್ನ ವಾಪಸ್ ಕೊಡಿಸ್ತೀನಿ. ಹೋಗಿ ಮಾಡಿ."

ಕೆಳಗೆ ಬಂದು ಒಬ್ಬಳೇ ಕೂತೆ. ಗೋಡೆಯಾಚೆ ಯಂತ್ರ ತಿರುಗುತ್ತಿತ್ತು. ಬಳಕೆದಾರನನ್ನು ತಡೆ ಎಂಬ ಕಮಾಂಡು, ಅದರ ಮುಂದೆ ಭಾವನ ಹೆಸರು. ಅವರು ಕಲಿಸಿದ ಹಾಗೆ ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಓದಲು ನೋಡಿದೆ. ಹೆಸರಿನ ಹತ್ತಿರ ಬಂದು ನಿಲ್ಲಿಸಿಬಿಟ್ಟೆ. ಓದದೆಯೇ ಒತ್ತಿದೆ. ಆ ಕೆಲಸಕ್ಕೆ ಸೇರಿದ ಮೇಲೆ ಓದದೆ ಒತ್ತಿದ್ದು ಅದೊಂದೇ ಸಲ.

ಭಾವನನ್ನು ಆ ಸೋಮವಾರದಿಂದ ರಜೆಯ ಮೇಲೆ ಮನೆಗೆ ಕಳಿಸಿದರು. ಚಪ್ಪಾಳೆಯ ಕಾರ್ಯಕ್ರಮ ನಡೆಯಲಿಲ್ಲ. ಅವರ ಮಗ್ಗು, ಸ್ವೆಟರ್, ಚೀಟಿಯ ಕಟ್ಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋದಾಗ ಅಕ್ಕ ಬಾಗಿಲನ್ನು ಅರ್ಧವೇ ತೆರೆದಳು.

"ಪಕ್ಕದಲ್ಲಿದ್ದು ಕಾಯ್ತೀಯ ಅನ್ಕೊಂಡಿದ್ದೆ" ಎಂದಳು. ಚೀಲ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ಐದು ತಿಂಗಳು ನಾವು ಮಾತಾಡಲಿಲ್ಲ. ಎರಡು ಬೀದಿಯಾಚೆ ಮನೆ. ತರಕಾರಿ ಅಂಗಡಿಯಲ್ಲಿ ಎದುರಾದರೆ ಅವಳು ಗಮನವಿಟ್ಟು ಟೊಮೇಟೊ ಆರಿಸುತ್ತಿದ್ದಳು. ನಾನು ಒಬ್ಬಳೇ ಸಾಗಾಟ ಮುಗಿಸಿದೆ. ಏನನ್ನೇ ಅಳಿಸುವುದಿದ್ದರೂ ಇಬ್ಬರು ಎದುರಿಗಿರಬೇಕು ಎಂದು ಆಸ್ಪತ್ರೆ ಹೊಸ ನಿಯಮ ಮಾಡಿತು. ಇನ್ನೊಬ್ಬರನ್ನು ನೇಮಿಸಿರಲಿಲ್ಲವಾದ್ದರಿಂದ ಪ್ರತಿ ಸಲ ಡಾಕ್ಟರಮ್ಮನೇ ಕೆಳಗೆ ಬಂದು, ಸ್ವೆಟರ್ ಬಿಗಿದುಕೊಂಡು, ಅರ್ಥವಾಗದ ಸಾಲನ್ನು ನನ್ನ ಜೊತೆ ಓದುತ್ತಿದ್ದರು. ಟೈಲರಮ್ಮ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದಳು. ಕಾಲಿನ ಮಷಿನ್ ತುಳಿದರೆ ಉಸಿರು ಹತ್ತುತ್ತದೆ, ಕೈ ಹೊಲಿಗೆ ಮಾತ್ರ ಮಾಡುತ್ತೇನೆ ಎಂದಳು. ಅಳಿಸಿದ್ದು ಯಾರು ಎಂದು ಅವಳು ಕೇಳಲಿಲ್ಲ. ಯಂತ್ರವೇ ಕೆಟ್ಟಿತ್ತು ಎಂದು ಅವಳಿಗೆ ಯಾರೋ ಹೇಳಿದ್ದರು. ನಾನು ತಿದ್ದಲಿಲ್ಲ.

ಆಮೇಲೆ ಒಂದು ದಿನ ಸ್ಕ್ಯಾನಿಂಗ್ ವಿಭಾಗದ ವರಾಂಡದಲ್ಲಿ ಅಕ್ಕ ಭಾವನ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಮೆದುಳಿನ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟಿದ್ದರಂತೆ. ಭಾವ ಇಳಿದುಹೋಗಿದ್ದರು. ಗಡ್ಡ ಬೆಳೆದು, ಅದರಲ್ಲಿ ಅನ್ನದ ಅಗುಳೊಂದು ಒಣಗಿ ಕೂತಿತ್ತು. ಕೆಲಸ ಮಾಡುವವರು ಒಬ್ಬೊಬ್ಬರಾಗಿ ಬಂದು ನಮಸ್ಕಾರ ಹೇಳಿ, ಅವರು ಪ್ರತಿಯೊಬ್ಬರಿಗೂ ಒಂದೇ ತರಹ ನಗುವುದನ್ನು ನೋಡಿ, ಮೆಲ್ಲಗೆ ಸರಿದುಹೋಗುತ್ತಿದ್ದರು. ನಾನು ಭಾವನ ಇನ್ನೊಂದು ಪಕ್ಕ ಕೂತೆ. ಅಕ್ಕ ಎದ್ದು ಹೋಗಲಿಲ್ಲ.

ಎದುರಿನ ಗೋಡೆಯನ್ನೇ ನೋಡುತ್ತಾ, "ಶೇವ್ ಮಾಡೋಕೆ ಹೋದ್ರೆ ನನ್ನ ಕೈ ತಳ್ಳಿಬಿಡ್ತಾರೆ" ಎಂದಳು. "ಮೊನ್ನೆ ಬ್ಲೇಡು ನನಗೇ ತಗುಲ್ತು." ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ನಾಳೆ ಬೆಳಿಗ್ಗೆ ಬರ್ಲಾ?"

ಅಕ್ಕ ಭಾವನ ಕಾಲರ್ ಸರಿಮಾಡಿದಳು.

ಮರುದಿನ ಏಳೂವರೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಕಿಟಕಿಯ ಹತ್ತಿರ ಕುರ್ಚಿ ಹಾಕಿ ಭಾವನನ್ನು ಕೂರಿಸಿ, ಬಿಸಿನೀರಿನಲ್ಲಿ ಟವೆಲ್ ಅದ್ದಿ ಗಡ್ಡದ ಮೇಲೆ ಇಟ್ಟೆ. ಅವರು ಕಣ್ಣು ಮುಚ್ಚಿದರು. ನೊರೆ ಹಚ್ಚುವಾಗ ಒಮ್ಮೆ ನನ್ನ ಕೈ ಹಿಡಿದರು. ತಳ್ಳಲಿಲ್ಲ, ಸುಮ್ಮನೆ ಹಿಡಿದು ಬಿಟ್ಟರು. ಕೆನ್ನೆಯ ಚರ್ಮ ತೀರ ಸಡಿಲವಾಗಿತ್ತು, ಬೆರಳಿನಿಂದ ಎಳೆದು ಹಿಡಿಯಬೇಕಾಗುತ್ತಿತ್ತು. ಗಲ್ಲದ ಕೆಳಗೆ ಸ್ವಲ್ಪ ಗೀರಿ ಒಂದು ಹನಿ ರಕ್ತ ಬಂತು. ಅಕ್ಕ ಹಿಂದಿನಿಂದ ಬಂದು ಸೆರಗಿನ ತುದಿಯಿಂದ ಅದನ್ನು ಒತ್ತಿ ಹಿಡಿದಳು. ನಾನು ಇನ್ನೊಂದು ಕೆನ್ನೆಗೆ ಹೋದೆ.